ಗೋಲ್ ಹೊಡೆಯದ ವರ

“ಹುಡುಗ ಗೋಲ್ ಎಷ್ಟು ಹೊಡ್ದಾನ್ರಿ?”

ಕನ್ಯೆ ನೋಡಲು ಹೋದ ಮನೆಯಲ್ಲಿ ಸಂಬಳ ಕೇಳುತ್ತಾರೆ. ಹೊಲ ಕೇಳುತ್ತಾರೆ. ನೌಕರಿ ಪರ್ಮನೆಂಟಾ ಅಂತ ಕೇಳುತ್ತಾರೆ. ಗೋಲ್ ಕೇಳಿದ್ದನ್ನು ನಾನು ಕಂಡದ್ದು ಕಳೆದ ಭಾನುವಾರವೇ ಮೊದಲು, ಸುರಪುರದಲ್ಲಿ.

ಹುಡುಗ ಬೇರೆ ಯಾರೂ ಅಲ್ಲ, ಶಹಾಪುರದಲ್ಲಿ ನಮ್ಮ ಪಕ್ಕದ ಮನೆಯ ಶರಣು. ಪ್ರೊಫೆಷನಲ್ ಫುಟ್‌ಬಾಲ್ ಆಟಗಾರ. ಗೋವಾದಲ್ಲಿ ಆಡಿದ, ಕೇರಳದಲ್ಲಿ ಆಡಿದ, ಈಗ ಕೋಲ್ಕತ್ತಾದ ಒಂದು ಕ್ಲಬ್ಬಿನಲ್ಲಿದ್ದಾನೆ. ಮೊಳಕಾಲಿಗೆ ಆಪರೇಷನ್ ಆಗಿ ಹೋದ ಸೀಸನ್ ಇಡೀ ಬೆಂಚಿನ ಮೇಲೆ ಕೂತಿದ್ದ, ಈಗ ಮತ್ತೆ ಆಡುತ್ತಿದ್ದಾನೆ. ವಯಸ್ಸು ಮೂವತ್ತು ದಾಟಿದೆ. ಫುಟ್‌ಬಾಲ್‌ನಲ್ಲಿ ಅದು ಸಂಜೆ. ಮದುವೆ ಮಾರ್ಕೆಟ್ಟಿನಲ್ಲಿ (ಅವನ ತಾಯಿ ಗಂಗಮ್ಮನ ಪ್ರಕಾರ) ನಡುರಾತ್ರಿ.

ಯಾದಗಿರಿಯ ಒಂದು ಮನೆ, ಹತ್ತಿಕುಣಿಯ ಒಂದು ಮನೆ ಆಗಲೇ ಬೇಡ ಅಂದಿದ್ದವು. ಆಟ ಆಡುವವನಿಗೆ ಹೆಣ್ಣು ಕೊಡುವುದು ಹೇಗೆ? ಆಡಿದರೂ ಕ್ರಿಕೆಟ್ ಆಡಬಾರದಿತ್ತೇ? ಗಂಗಮ್ಮ ಅತ್ತು ಅತ್ತು ಸೊರಗಿದ್ದಳು. ಶರಣು ಮಾತ್ರ ಪ್ರತಿ ಸಲ “ಆಯ್ತು ಬಿಡವ್ವಾ” ಎಂದು ರೈಲು ಹತ್ತುತ್ತಿದ್ದ. ಅವನು ಅಷ್ಟು ಮೆತ್ತಗೆ ಹೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಈ ಸಲ ಗಂಗಮ್ಮ ನನ್ನನ್ನೂ ಎಳೆದುಕೊಂಡು ಹೊರಟಳು. “ನೀವು ಪೇಪರಿನ್ಯಾಗ ಬರೀತೀರಿ. ಮಾತಾಡಾಕ ಒಬ್ರು ಬೇಕ್ರಿ,” ಅಂದಳು. (ಬರೆಯುವವರಿಗೆ ಮಾತಾಡಲೂ ಬರುತ್ತದೆ ಎಂಬ ತಪ್ಪು ತಿಳಿವಳಿಕೆ ನಮ್ಮ ಓಣಿಯಲ್ಲಿ ಇನ್ನೂ ಇದೆ.)

ಮಾತಾಡಲು ನನಗೆ ಸಂದು ಸಿಕ್ಕಿದ್ದರೆ ತಾನೆ? ಜೊತೆಗೆ ಶರಣುವಿನ ಸೋದರಮಾವ ಬಸಣ್ಣ ಇದ್ದರು. ಬಟ್ಟೆ ಅಂಗಡಿಯ ಮಾಲೀಕರು. ಸೀರೆ ಮಾರಿ ಮಾರಿ ರೂಢಿಯಾದವರು, ಅಳಿಯನನ್ನೂ ಹಾಗೇ ಬಿಚ್ಚಿ ಹರಡಿದರು.

“ಗೋಲ್ ಏನ್ ಕೇಳ್ತೀರ್ರಿ! ಇಂವ ಇಳದ್ರ ಗೋಲ್ ಗ್ಯಾರಂಟಿ. ಲೆಕ್ಕ ಇಡಾಕ ಯಾರಿಗಿ ಪುರಸತ್ತದ?”

ಶರಣು ಗಾಬರಿಯಿಂದ ತಲೆ ಎತ್ತಿದ. ಬಾಯಿ ತೆರೆದ. ಮಾವ ಅವನ ತೊಡೆ ಚಿವುಟಿದರು. ನಾನು ಕಣ್ಣಾರೆ ಕಂಡೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕನ್ಯೆ ನೋಡಲು ಹೋದವರು ಚಹಾ ಕುಡಿಯಬಹುದು, ಚೂಡಾ ತಿನ್ನಬಹುದು. ಊಟ ಮಾಡುವಂತಿಲ್ಲ. ಮಾತು ಕೂಡಿದರಷ್ಟೇ ಊಟ. ಹಾಗಾಗಿ ಗಂಡಿನ ಕಡೆಯವರ ಬಾಯಿ ಪಡಸಾಲೆಯಲ್ಲಿದ್ದರೂ ಕಿವಿ ಅಡುಗೆಮನೆಯಲ್ಲಿರುತ್ತದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಗೆದ್ದಂತೆ. ಕೇಳದಿದ್ದರೆ ಚಪ್ಪಲಿ ಹುಡುಕಿಕೊಳ್ಳಬೇಕು. ಆ ಮನೆಯ ಅಡುಗೆಮನೆ ಆಗ ತಣ್ಣಗಿತ್ತು.

ಹುಡುಗಿಯ ಅಪ್ಪ ಹತ್ತಿ ವ್ಯಾಪಾರಿ. ಮಾಲು ನೋಡದೆ ದರ ಹೇಳುವ ಆಸಾಮಿಯಲ್ಲ. “ಹಂಗಾದ್ರ ಒಂದ್ ಮ್ಯಾಚ್ ನೋಡೇ ಬಿಡೂಣು,” ಎಂದು ಎದ್ದೇ ಬಿಟ್ಟರು. ಶರಣು ಆಡಿದ ಹೋದ ತಿಂಗಳ ಮ್ಯಾಚು ಇಂಟರ್‌ನೆಟ್ಟಿನಲ್ಲಿತ್ತು. ಟೀವಿಗೆ ಹಚ್ಚಿದರು. ಬಸಣ್ಣನ ಮುಖ ಸುಣ್ಣವಾಯಿತು.

ಮನೆಮಂದಿಯೆಲ್ಲ ಟೀವಿ ಮುಂದೆ ಕೂತೆವು. ಮಂಚದ ಮೇಲೆ ಹುಡುಗಿಯ ಅಜ್ಜಿ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತಿತ್ತು. ಶರಣು ಒಂದು ಕ್ಷಣ ಕಾಣಿಸುತ್ತಿದ್ದ, ಚೆಂಡು ಯಾರಿಗೋ ಕೊಡುತ್ತಿದ್ದ, ಮಾಯವಾಗುತ್ತಿದ್ದ.

“ಈಗ ಹೊಡಿತಾನ ನೋಡ್ರಿ!” ಅಂದರು ಬಸಣ್ಣ. ಪಕ್ಕದವನಿಗೆ ಕೊಟ್ಟ.

“ಈಗ!” ಹಿಂದಿನವನಿಗೆ ಕೊಟ್ಟ.

ಅಜ್ಜಿಗೆ ತಡೆಯಲಾಗಲಿಲ್ಲ. “ಅಯ್ಯ ನಮ್ಮಪ್ಪಾ, ಬಂದಿದ್ದೆಲ್ಲಾ ಮಂದಿಗೇ ಕೊಡ್ತದಲ್ಲ ಈ ಕೂಸು! ತನಗಂತ ಒಂದರೆ ಇಟ್ಕೋಬಾರ್ದೇನ್?”

ಎಲ್ಲರೂ ನಕ್ಕರು. ಗಂಗಮ್ಮ ನಗಲಿಲ್ಲ.

ಅಷ್ಟರಲ್ಲಿ ಗೋಲ್ ಆಯಿತು! ಬಸಣ್ಣ ಎದ್ದು ನಿಂತು ಚಪ್ಪಾಳೆ ಹೊಡೆದರು. “ನೋಡಿದ್ರಿಲ್ಲ? ನಾ ಏನ್ ಹೇಳಿದ್ನಿ?”

“ಅಂವ ಬ್ಯಾರೆಯಾಂವ ಅದಾನಲ್ರಿ,” ಅಂದರು ಹುಡುಗಿಯ ಅಪ್ಪ. “ಅಂಗಿ ನಂಬರ್ ಬ್ಯಾರೆ ಅದ.”

ಆಗ ಶರಣು ಬಾಯಿ ಬಿಟ್ಟ. ಈ ಸಲ ಮಾವನ ಕೈಗೆ ಅವನ ತೊಡೆ ಸಿಗಲಿಲ್ಲ.

“ನಾ ಗೋಲ್ ಹೊಡೆಯಾಂವ ಅಲ್ರಿ. ಮಾವ ಪ್ರೀತಿಗಿ ಹಂಗ ಹೇಳ್ಯಾನ. ನಾ ನಟ್ಟನಡಕ ಆಡಾಂವ, ಮಿಡ್‌ಫೀಲ್ಡರ್. ಹೊಡೆಯೋರಿಗಿ ಚೆಂಡ್ ಮುಟ್ಟಿಸೋದು ನನ್ನ ಕೆಲ್ಸ. ಮೊಳಕಾಲ್ ಆಪರೇಷನ್ ಆಗ್ಯಾದ. ಕಾಂಟ್ರ್ಯಾಕ್ಟ್ ಈ ಸೀಸನ್ನಿಗಿ ಮುಗಿತದ. ಮತ್ತ ತೊಗೋತಾರೋ ಇಲ್ಲೋ ಗೊತ್ತಿಲ್ಲ. ಇಲ್ಲಂದ್ರ ಊರಿಗಿ ಬಂದು ಹುಡುಗ್ರಿಗಿ ಆಟ ಕಲಸ್ತೇನಿ.”

ಮುಗಿಯಿತು ಕಥೆ, ಅಂದುಕೊಂಡೆ. ನನಗೆ ಅವನ ಮೇಲೆ ಸಿಟ್ಟು ಬಂತು. ಹೆಮ್ಮೆಯೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

ಅವನು ಚಿಕ್ಕಂದಿನಲ್ಲಿ ಶಾಲೆಯ ಗರಸು ಗ್ರೌಂಡಿನಲ್ಲಿ ಆಡುವಾಗ ಎಲ್ಲ ಹುಡುಗರಿಗೂ ಮುಂದೆ ನಿಂತು ಗೋಲ್ ಹೊಡೆಯುವ ಆಸೆಯಿತ್ತಂತೆ. ನಡುವಿನ ಜಾಗ ಯಾರಿಗೂ ಬೇಡವಾಗಿತ್ತು. ಶರಣು ಅಲ್ಲಿ ಹೋಗಿ ನಿಂತ. ಅಲ್ಲಿಯೇ ಉಳಿದ. ಅವನ ಫೋಟೊ ನಮ್ಮ ಪೇಪರಿನಲ್ಲಿ ಬಂದದ್ದು ಒಂದೇ ಒಂದು ಸಲ. ಫೋಟೊ ಅಂದರೆ, ಗೋಲ್ ಹೊಡೆದವನ ಹೆಗಲ ಮೇಲೆ ಇವನ ಕೈ. ಮುಖ ಅಂಚಿನಲ್ಲಿ ಕಟ್ಟಾಗಿತ್ತು. ಗಂಗಮ್ಮ ಅದನ್ನೇ ಕತ್ತರಿಸಿ ಫ್ರೇಮು ಹಾಕಿಸಿ ಗೋಡೆಗೆ ಹಚ್ಚಿದ್ದಾಳೆ. ಬಂದವರಿಗೆಲ್ಲ “ಇದು ನಮ್ಮ ಶರಣುನ ಕೈ” ಎಂದು ತೋರಿಸುತ್ತಾಳೆ.

ಇಷ್ಟು ಹೊತ್ತು ಮಾತೇ ಆಡದವಳು ಒಬ್ಬಳಿದ್ದಳು. ಹುಡುಗಿ. ಹೆಸರು ರೇಣುಕಾ, ಹೈಸ್ಕೂಲಿನಲ್ಲಿ ಗಣಿತ ಟೀಚರ್. (ಕನ್ಯೆ ನೋಡುವ ದಿನ ಕನ್ಯೆಯ ಮಾತನ್ನು ಯಾರು ಕೇಳುತ್ತಾರೆ?) ಅವಳು ಎದ್ದು ಬಂದು ಅಪ್ಪನ ಕೈಯಿಂದ ರಿಮೋಟ್ ತೆಗೆದುಕೊಂಡಳು. ಗೋಲ್ ಆಗುವುದಕ್ಕಿಂತ ಸ್ವಲ್ಪ ಹಿಂದಕ್ಕೆ ಓಡಿಸಿದಳು.

“ಅಪ್ಪಾ, ಚೆಂಡ್ ನೋಡಬ್ಯಾಡ. ಇವ್ರನ್ನ ನೋಡು.”

ನೋಡಿದೆವು. ಚೆಂಡು ಇನ್ನೂ ಟೀವಿಯ ಆ ಅಂಚಿನಲ್ಲಿತ್ತು. ಶರಣು ಮಾತ್ರ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದ. ಚೆಂಡು ಬಂತು. ಅವನು ನಿಲ್ಲಿಸಲೇ ಇಲ್ಲ, ಬಂದ ಕಾಲಿಗೇ ಯಾರೂ ಇಲ್ಲದ ಜಾಗಕ್ಕೆ ತಳ್ಳಿದ. ಅಷ್ಟರಲ್ಲಿ ಆ ಜಾಗಕ್ಕೆ ಒಬ್ಬ ಓಡಿ ಬಂದ. ಅವನಿಂದ ಇನ್ನೊಬ್ಬನಿಗೆ, ಗೋಲ್!

ಅದೇ ಮ್ಯಾಚು, ಅದೇ ಗೋಲು. ಮೊದಲ ಸಲ ಇದು ನಮಗ್ಯಾರಿಗೂ ಕಂಡಿರಲೇ ಇಲ್ಲವಲ್ಲ!

ರೇಣುಕಾ ನೇರವಾಗಿ ಅವನನ್ನೇ ಕೇಳಿದಳು. “ಚೆಂಡ್ ಬರೂಕಿಂತ ಮೊದ್ಲ ಹಿಂದ ಹೊಳ್ಳಿ ಯಾಕ ನೋಡ್ತೀರಿ?”

ಶರಣುವಿನ ಮುಖವನ್ನು ನೀವು ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಊರವರು ಅವನಿಗೆ ಗೋಲ್ ಕೇಳಿದ್ದರು, ಸಂಬಳ ಕೇಳಿದ್ದರು, ಟೀವಿಯಲ್ಲಿ ಯಾವಾಗ ಬರ್ತಿ ಅಂತ ಕೇಳಿದ್ದರು. ಅವನ ಕೆಲಸ ಏನೆಂದು ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಬಂದ ಮ್ಯಾಲ ನೋಡಿದ್ರ ತಡಾ ಆಗ್ತದ್ರಿ,” ಅಂದ. “ಯಾರ್ ಎಲ್ಲಿ ಅದಾರ, ಯಾರಿಗಿ ಬೇಕಾಗ್ಯಾದ, ಮೊದ್ಲ ಗೊತ್ತಿರ್ಬೇಕು. ಅವ್ರು ಕೇಳೂದ್ರಾಗ ಮುಟ್ಟಿರ್ಬೇಕು.”

ಮಂಚದ ಮೇಲೆ ಅಜ್ಜಿ ಎದ್ದು ಕೂತಳು. “ಹಂಗಂದ್ರ ಇಂವ ಬಡ್ಸಾಂವ! ಪಂಕ್ತಿನ್ಯಾಗ ನಾವು ಸಾರು ಅನ್ನೂದ್ರಾಗ ಸಾರಿನಂವ ಬಂದು ನಿಂತಿರ್ತಾನ ನೋಡ್ರಿ, ಹಂಗ. ನಮ್ಮ ಮನಿಯವ್ರು ಹಂಗೇ ಬಡಸ್ತಿದ್ರು.” ಆಮೇಲೆ ಮೆಲ್ಲಗೆ ಅಂದಳು, “ಬಡ್ಸಾಂವಗ ಮಾತ್ರ ನಿಂದು ಊಟ ಆತೇನಂತ ಯಾರೂ ಕೇಳಂಗಿಲ್ಲ.”

ರೇಣುಕಾ ರಿಮೋಟ್ ಇಟ್ಟು ಒಳಗೆ ಹೋದಳು. ಏನು ಅರ್ಥ ಮಾಡಿಕೊಳ್ಳುವುದು? ಅವಳ ಅಪ್ಪ ನೆಲ ನೋಡುತ್ತ ಕೂತಿದ್ದರು. ಬಸಣ್ಣನ ಕಣ್ಣು ಬಾಗಿಲ ಹೊರಗೆ ಚಪ್ಪಲಿ ಹುಡುಕುತ್ತಿತ್ತು. ಶರಣು “ಆಯ್ತು ಬಿಡವ್ವಾ” ಅನ್ನಲು ತಯಾರಾಗಿದ್ದ. ಆ ಮುಖ ನನಗೆ ಚೆನ್ನಾಗಿ ಗೊತ್ತು.

ಆಗ ಕೇಳಿಸಿತು. ಪಟ್, ಪಟ್, ಪಟ್.

ಗಂಗಮ್ಮ ನನ್ನ ಕೈ ಹಿಡಿದ ರಭಸಕ್ಕೆ ನನ್ನ ಬಳೆ ಒಡೆಯಿತು.

“ರೇಣುಕಾ, ಕಾಂಟ್ರ್ಯಾಕ್ಟ್ ಮುಗಿತದಂತ ಹೇಳಿದ್ದು ಕೇಳಿದಿಲ್ಲ?” ಅಪ್ಪ ಕೂತಲ್ಲಿಂದಲೇ ಕೂಗಿದರು.

“ಕೇಳೀನಪ್ಪಾ. ಅವ್ರು ಖರೇ ಹೇಳಿದ್ದೂ ಕೇಳೀನಿ.” ರೊಟ್ಟಿಯ ಸಪ್ಪಳ ನಿಲ್ಲಲಿಲ್ಲ. ಅಪ್ಪ ಎದ್ದು ಹೋಗಿ ತಾವೇ ತಾಟು ತಂದರು.

ಶರಣು ಎಲ್ಲರಿಗೂ ನೀರು ಹಾಕಲು ತಂಬಿಗೆ ಎತ್ತಿಕೊಂಡ. ಅಜ್ಜಿ ಗದರಿದಳು, “ಇಡು ಅದನ್ನ! ಇವತ್ ನೀ ಮೊದ್ಲನೇ ಪಂಕ್ತಿಗಿ ಕೂಡು.”

ಕೂತ. ತುತ್ತು ಎತ್ತುವ ಮೊದಲು ಹೆಗಲ ಮೇಲಿಂದ ಹಿಂದೆ ನೋಡಿದ. ಎಣ್ಣೆಗಾಯಿ ಪಲ್ಯ ಹಿಡಿದು ರೇಣುಕಾ ನಿಂತಿದ್ದಳು. ಅವನು ಕೇಳಿರಲಿಲ್ಲ, ಅವಳು ಬಂದಿದ್ದಳು.

ವಾಪಸು ಬಂದ ಮೇಲೆ ಗಂಗಮ್ಮನ ಗೋಡೆಯ ಮೇಲಿನ ಆ ಫೋಟೊವನ್ನು ಮತ್ತೊಮ್ಮೆ ನೋಡಿದೆ. ನಡುವೆ ಗೋಲ್ ಹೊಡೆದವನ ನಗು, ಅಂಚಿನಲ್ಲಿ ನಮ್ಮ ಶರಣುವಿನ ಕೈ. ಇಷ್ಟು ವರ್ಷ ನಾವು ಚಪ್ಪಾಳೆ ಹೊಡೆದದ್ದೆಲ್ಲ ಬಡಿಸಿದವನನ್ನು ಬಿಟ್ಟು ಬರೀ ಉಂಡು ಎದ್ದವರಿಗೇ ಏನು?