ಒಗೆಯುವ ಕಲ್ಲಿನ ಮೇಲಿದ್ದ ಸಾಲುಗಳು

ನಾಗಾವಿಯನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಬಹಳ ವರ್ಷದ ಹಟ. ಒಂದು ಕಾಲಕ್ಕೆ ನೂರಾರು ವಿದ್ಯಾರ್ಥಿಗಳು ಉಂಡು, ಮಲಗಿ, ವ್ಯಾಕರಣ ಕಾವ್ಯ ಕಲಿತ ಊರದು. ರಂಗಂಪೇಟೆಯ ಸಾಲೆಯಲ್ಲಿ ಕನ್ನಡ ಕಲಿಸುವ ನಾನು ಪ್ರತಿ ವರ್ಷ ಮಕ್ಕಳೆದುರು ಅದನ್ನು ಬಣ್ಣಿಸುತ್ತಿದ್ದೆ, ಒಮ್ಮೆಯೂ ನೋಡದೆ. ಹೋದ ಚಳಿಗಾಲದ ಒಂದು ಭಾನುವಾರ ಅಂತೂ ಹೊರಟೆ. ಅತ್ತೆಯೂ ಜೊತೆಗೆ ಬಂದರು. ಅವರಿಗೆ ಬೇಕಾಗಿದ್ದು ಅಲ್ಲಿಯ ಎಲ್ಲಮ್ಮ.

ಶಹಾಪುರ ದಾಟುವುದರೊಳಗೆ ನಾನು ಬಸ್ಸಿನಲ್ಲೇ ಪಾಠ ಶುರು ಮಾಡಿದ್ದೆ. ಅತ್ತೆ ಬುತ್ತಿ ಬಿಚ್ಚಿ, “ಓದು ಒಕ್ಕಾಲು, ಬುದ್ಧಿ ಮುಕ್ಕಾಲು. ಮೊದ್ಲು ರೊಟ್ಟಿ ತಿನ್ನು” ಎಂದರು. ಯಾದಗಿರಿಯಲ್ಲಿ ಬಸ್ಸು ಬದಲಿಸಿ ಚಿತ್ತಾಪುರಕ್ಕೆ, ಅಲ್ಲಿಂದ ಆಟೋದಲ್ಲಿ ನಾಗಾವಿಗೆ ಹೋದೆವು.

ಎಲ್ಲಮ್ಮನ ದರ್ಶನ ಮುಗಿಸಿ, ಕಂಬಗಳ ಹಳೆಯ ಗುಡಿಯ ಹತ್ತಿರ ಒಂದು ಶಾಸನದ ಮುಂದೆ ಕುಳಿತೆ. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಆಕಳು. ಕೆಳಗೆ ಒತ್ತಾಗಿ ಅಕ್ಷರ. ಹಳೆಯ ಲಿಪಿ ಓದುವುದನ್ನು ಈಚೆಗೆ ಒಂದು ತರಬೇತಿಯಲ್ಲಿ ಕಲಿತಿದ್ದೆ. ಆ ಜಂಭಕ್ಕೆ ಬೆರಳಿಟ್ಟು ಜೋರಾಗಿಯೇ ಓದಿದೆ.

“ಏನಂತ ಐತಿ?” ಎಂದರು ಅತ್ತೆ.

“ಈ ದಾನಾ ಕೆಡಿಸಿದವ್ರಿಗೆ ಕಾಶಿಯೊಳಗ ಆಕಳ ಕೊಂದ ಪಾಪ ಅಂತರಿ.”

ಅವರು ಕಲ್ಲಿನ ಮೇಲೆ ಅಂಗೈ ಆಡಿಸಿದರು. “ನಮ್ಮ ಒಗಿಯೋ ಕಲ್ಲಿನ ಮ್ಯಾಲೂ ಹಿಂಗ ಇತ್ತಲ್ಲ. ಸೂರ್ಯ, ಚಂದ್ರ, ಆಕಳ. ಕೆಳಗ ಇಂಥವೇ ಸಾಲು.”

“ಇತ್ತು ಅಂದ್ರ?”

“ನೀ ಕುಟ್ಟಿಸಿದ್ಯಲ್ಲ.”

ಆಗ ನೆನಪಾಯಿತು. ಮದುವೆಯಾದ ಹೊಸತು. ಹಿತ್ತಲಿನ ಆ ಕಲ್ಲಿನ ಒರಟಿಗೆ ಸಿಕ್ಕಿ ನನ್ನ ಹೊಸ ಸೀರೆಯ ಎಳೆ ಕಿತ್ತಿತ್ತು. ಬೀಸುವ ಕಲ್ಲಿಗೆ ಉಳಿಯಿಂದ ಕಚ್ಚು ಹಾಕುವ ಹೆಂಗಸು ಓಣಿಯಲ್ಲಿ ಕೂಗುತ್ತ ಬಂದಾಗ ನಾನೇ ಕರೆದು, ಇದನ್ನು ಕುಟ್ಟಿ ಸಪಾಟು ಮಾಡು ಎಂದಿದ್ದೆ. ಸಿಡಿದು ಕಟ್ಟಿದ್ದ ಸಾಬೂನಿನ ಬಿಳಿ ಪೊರೆಯ ಕೆಳಗೆ ನನಗೆ ಕಂಡದ್ದು ಬರೀ ತಗ್ಗು ದಿನ್ನೆ. ಅರ್ಧ ದಿನ ಟಕಟಕ ಸದ್ದು. ಅತ್ತೆ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತ ನೋಡುತ್ತಿದ್ದರು. ಕಲ್ಲು ಕುಟ್ಟಿದಾಕೆಗೆ ನಾನು ಚಹಾ ಬೇರೆ ಮಾಡಿಕೊಟ್ಟಿದ್ದೆ.

“ಯಾಕ ಹೇಳಲಿಲ್ರಿ ಅತ್ತಿ?”

“ನೀ ಸಾಲಿ ಕಲ್ತಾಕಿ. ಓದಿರ್ತಿ, ಬ್ಯಾಡಾದ್ದು ಇರ್ತೈತಿ, ಅದಕ್ಕ ತೆಗಸಾಕತ್ತಿ ಅಂತ ತಿಳದೆ.” ಸೆರಗು ಸರಿಮಾಡಿಕೊಂಡು ಮತ್ತೆ ಹೇಳಿದರು, “ಸೊಸಿ ಕಲ್ತಾಕಿ ಬರ್ತಾಳ, ಅದ್ರಾಗ ಏನೈತಿ ಅಂತ ಓದಿಸ್ಕೋಬೇಕಂತ ಇದ್ದೆ. ಅದಕ್ಕ ಆ ಬದಿ ನಾ ಅರಿವಿ ಒಗಿತಿದ್ದಿಲ್ಲ.”

ಅವರು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರಿಗೆ ಸಿಟ್ಟಿರಲಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ನನ್ನ ಮೇಲೆ ಹೇಸಿಗೆ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ನೇರ ಹಿತ್ತಲಿಗೆ ಹೋಗಿ ಕಲ್ಲಿಗೆ ನೀರು ಸುರಿದು ತೆಂಗಿನ ನಾರಿನಿಂದ ಉಜ್ಜಿದೆ. ಉಳಿಯ ಏಟಿನ ಗುಳಿಗಳಷ್ಟೇ ಇದ್ದವು. ಮೂಲೆಮೂಲೆ ಬೆರಳಾಡಿಸಿದೆ, ಕುಟ್ಟಿದಾಕೆ ಕೆಲಸಗಳ್ಳತನ ಮಾಡಿದವಳಲ್ಲ.

ಅತ್ತೆ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. ನೀರಿನಲ್ಲಿ ಬೆರಳು ಅದ್ದಿ, ಕಲ್ಲಿನ ಒಣಗಿದ ಅಂಚಿನ ಮೇಲೆ ನಿಧಾನ ಗೆರೆ ಎಳೆಯತೊಡಗಿದರು. ಸಾಲೆಯ ಮೆಟ್ಟಿಲು ಹತ್ತದ ಕೈ. “ಮೊದಲ ಸಾಲು ಹಿಂಗ ಸುರು ಆಗ್ತಿತ್ತು. ದಿನಾ ಮುಟ್ಟಿ ಮುಟ್ಟಿ ನೆಪ್ಪೈತಿ. ಓದು.”

ಹಳೆಯ ಲಿಪಿಯೇ. ಎರಡು ಅಕ್ಷರ. “ಸ್ವಸ್ತಿ,” ಎಂದೆ. “ಒಳ್ಳೇದಾಗ್ಲಿ ಅಂತರಿ.”

ಅವರ ಮುಖ ಅರಳಿತು.

“ಮುಂದ?” ಎಂದರು.