ಅಮ್ಮ ಮತ್ತೆ ಒಳಲೆ ಹಿಡಿದದ್ದು

ಮಗಳು ಹುಟ್ಟಿದ ಮೂರನೆಯ ದಿನ ಅವಳ ಮೂಗಿನಿಂದ ಹಾಲು ಬಂತು.

ನಾನು ಗಾಬರಿಯಾದೆ. ಅಮ್ಮ ಸೆರಗಿನಲ್ಲಿ ಒರೆಸಿ, "ಎಂತ ಹೆದರ್ತೀಯ ಮಾರಾಯ, ಹಾಲು ಹೆಚ್ಚಾದ್ರೆ ಎಲ್ಲ ಮಕ್ಕಳಿಗೂ ಬರ್ತದೆ" ಎಂದಳು. ಅಮ್ಮ ಹೇಳಿದ ಮೇಲೆ ಮುಗಿಯಿತು. ಹೊಸನಗರದ ನಮ್ಮ ಕೇರಿಯಲ್ಲಿ ಹೆರಿಗೆಯಾದ ಮನೆಯಿಂದ ಮೊದಲು ಕರೆ ಬರುವುದು ಅವಳಿಗೆ. ಎಣ್ಣೆ ಹಚ್ಚಿ ಎರೆಯುವುದು, ಬಟ್ಟೆ ಸುತ್ತುವುದು, ಮೊಲೆ ಹಿಡಿಯದ ಮಗುವಿಗೆ ಒಳಲೆಯಲ್ಲಿ ಹಾಲು ಕುಡಿಸುವುದು ಎಲ್ಲ ಅವಳದೇ. ಇವತ್ತು ನನ್ನ ಬಸ್ಸು ಹತ್ತುವ ಕಾಲೇಜಿನವರಲ್ಲಿ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಕಿರುಚಿದವರು.

ನಾನು ಸಾಗರ–ತೀರ್ಥಹಳ್ಳಿ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಬಾಯಿಯೇ ನನ್ನ ಬಂಡವಾಳ. ಆದರೂ ಆ ದಿನಗಳಲ್ಲಿ ಸ್ಟಾಪಿನ ಹೆಸರು ಕೂಗುವುದನ್ನೂ ಮರೆಯುತ್ತಿದ್ದೆ. ಮಗುವಿಗೆ ಹಾಲು ಎಳೆಯಲು ಆಗುತ್ತಿರಲಿಲ್ಲ. ಅತ್ತು ಅತ್ತು ಹಾಗೇ ನಿದ್ದೆ ಹೋಗುತ್ತಿದ್ದಳು. ನನ್ನ ಹೆಂಡತಿ ಸುಮಿತ್ರ ಹಾಲು ಹಿಂಡಿ ಕೊಡುವಳು. ಅಮ್ಮ ಕಾಲು ನೀಡಿ ಕೂತು, ಮಗುವನ್ನು ಅಂಗಾತ ಮಲಗಿಸಿ, ಕೊಕ್ಕಿನಂಥ ಮೂತಿಯ ಆ ಪುಟ್ಟ ಬೆಳ್ಳಿ ಬಟ್ಟಲಿನಿಂದ ಬಾಯಿಗೆ ಬಿಡುವಳು.

ಹನ್ನೆರಡನೆಯ ದಿನ ಬೆಳಿಗ್ಗೆ ಹಾಗೆ ಕುಡಿಸುವಾಗ ಮಗು ಒಮ್ಮೆ ಕೆಮ್ಮಿತು. ಆಮೇಲೆ ಕೆಮ್ಮಲೂ ಇಲ್ಲ.

ತುಟಿ ನೀಲಿಯಾಯಿತು.

ಅಮ್ಮ ಬೋರಲು ಹಾಕಿ ಬೆನ್ನು ತಟ್ಟಿದಳು. ಉಸಿರು ಬಂತು, ಅಳು ಬರಲಿಲ್ಲ. ಸಾಗರದ ಆಸ್ಪತ್ರೆ ಮುಟ್ಟಿದ್ದು ಹೇಗೆಂದು ನನಗೆ ನೆನಪಿಲ್ಲ. ಆ ರಸ್ತೆಯ ಒಂದೊಂದು ಹೊಂಡವೂ ನನಗೆ ಗೊತ್ತು, ಅವತ್ತು ಒಂದೂ ತಿಳಿಯಲಿಲ್ಲ.

ಮಕ್ಕಳ ಡಾಕ್ಟರು ಟಾರ್ಚ್ ಬಿಟ್ಟು ಮಗುವಿನ ಬಾಯೊಳಗೆ ನೋಡಿದರು. ನನಗೂ ತೋರಿಸಿದರು. ತುಟಿ ನೆಟ್ಟಗಿತ್ತು. ಒಳಗೆ, ಅಂಗುಳಿನ ನಡುವೆ ಉದ್ದಕ್ಕೆ ಸೀಳು.

"ಕ್ಲೆಫ್ಟ್ ಪ್ಯಾಲೆಟ್. ಹುಟ್ಟಿನಿಂದಲೇ ಇದೆ. ತುಟಿ ಸರಿ ಇದ್ರೆ ಕೆಲವು ಸಲ ಯಾರ ಕಣ್ಣಿಗೂ ಬೀಳಲ್ಲ. ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಿದೆ. ಮೊದಲು ಅದು ವಾಸಿಯಾಗ್ಲಿ. ಸೀಳಿಗೆ ಆಪರೇಷನ್ ಇದೆ. ಆದ್ರೆ ಅವಳು ಬೆಳೀಬೇಕು, ತೂಕ ಬರ್ಬೇಕು."

ಅಂದರೆ ಕುಡಿಯಬೇಕು. ಕುಡಿಯಲು ಹೋಗಿಯೇ ಅವಳು ಇಲ್ಲಿಗೆ ಬಂದಿದ್ದಳು.

ಅಮ್ಮ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತುಬಿಟ್ಟಳು. "ನನ್ನ ಕೈಯಿಂದ್ಲೇ ಆಯ್ತಲ್ಲ. ಇನ್ನು ಆ ಮಗುನ ಮುಟ್ಟಲ್ಲ ನಾನು" ಎಂದಳು. ನಾನು ಸಮಾಧಾನ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಅವಳ ಮೇಲೆ ಸಿಟ್ಟಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಇಷ್ಟು ತಿಳಿಯಲಿಲ್ಲವೇ ಎಂದು.

ಆ ವಾರ್ಡಿನಲ್ಲಿ ಗಿರಿಜಾ ಸಿಸ್ಟರ್ ಇದ್ದರು. ಕೋಣಂದೂರು ಕಡೆಯವರು, ಐವತ್ತರ ಆಸುಪಾಸು. ಹೃದಯದಲ್ಲಿ ತೂತಿರುವ ಮಗು, ವರ್ಷವಾದರೂ ಕುತ್ತಿಗೆ ನಿಲ್ಲದ ಮಗು, ಇಂಥವರನ್ನೆಲ್ಲ ಅವರ ಕೈಗೇ ಒಪ್ಪಿಸುತ್ತಿದ್ದರು. ಮೂಗಿನ ಟ್ಯೂಬಿನಲ್ಲಿ ಹಾಲು ಬಿಡುವಾಗಲೂ ಅವರು ಮಗುವಿಗೆ ಹೇಳಿಯೇ ಬಿಡುವರು: "ಈಗ ಹಾಲು ಬರ್ತದೆ ಕಂದ, ಹೊಟ್ಟೆ ತಣ್ಣಗಾಗ್ತದೆ." ಎರಡು ವಾರದ ಕೂಸಿಗೆ ಏನು ವರದಿ ಒಪ್ಪಿಸುತ್ತಾರೆ ಎಂದು ಮೊದಲು ನನಗೆ ನಗು ಬಂತು. ನಾಲ್ಕನೆಯ ದಿನಕ್ಕೆ ಆ ದನಿ ಕೇಳಿದರೆ ಮಗು ಅಳು ನಿಲ್ಲಿಸುತ್ತಿತ್ತು. ಆಮೇಲೆ ನಾನು ನಗಲಿಲ್ಲ.

ಟ್ಯೂಬ್ ತೆಗೆಯುವ ಮಾತು ಬಂದಾಗ ಸಿಸ್ಟರ್ ಕೇಳಿದರು: "ಮನೇಲಿ ಯಾರು ಕುಡಿಸ್ತೀರಿ?"

"ಇವಳೇ" ಎಂದು ಸುಮಿತ್ರಳನ್ನು ತೋರಿಸಿದೆ.

"ಒಂದು ಸಲಕ್ಕೆ ಮುಕ್ಕಾಲು ಗಂಟೆ ಬೇಕು. ದಿನಕ್ಕೆ ಎಂಟು-ಹತ್ತು ಸಲ. ಹಾಲೂ ಇವರೇ ಹಿಂಡ್ಬೇಕು. ಸಿಸೇರಿಯನ್ ಹೊಲಿಗೆ ಇನ್ನೂ ಒಣಗಿಲ್ಲ. ಒಬ್ರ ಕೈಲಿ ಆಗ್ತದಾ? ಹೊರಗೆ ಕೂತಿದಾರಲ್ಲ, ಆ ಅಮ್ಮ ಯಾರು?"

ಎಲ್ಲ ಹೇಳಿದೆ. ಸಿಟ್ಟನ್ನೂ ಸೇರಿಸಿಯೇ ಹೇಳಿದೆ ಅನ್ನಿಸುತ್ತದೆ. ಸಿಸ್ಟರ್ ನನ್ನ ಮುಖ ನೋಡಿ, "ನಾಳೆ ಮನೆಯ ಒಳಲೆ ತನ್ನಿ" ಎಂದರು ಅಷ್ಟೆ.

ಮರುದಿನ ಒಳಲೆ ತಂದುಕೊಟ್ಟೆ. ಸಿಸ್ಟರ್ ಅದನ್ನು ನೀರಿನಲ್ಲಿ ಕುದಿಸಿಟ್ಟು ಅಮ್ಮನನ್ನು ಒಳಗೆ ಕರೆದರು. ಅವಳು ಬಾಗಿಲಲ್ಲೇ ನಿಂತಳು.

"ಮಗು ಕೊಡಲ್ಲ, ಹೆದರ್ಬೇಡಿ. ಇವತ್ತು ನಿಮ್ಮ ಮಗನಿಗೆ ಕುಡಿಸಿ."

ನನ್ನನ್ನು ಖಾಲಿ ಮಂಚದ ಮೇಲೆ ಅಂಗಾತ ಮಲಗಿಸಿದರು. ನಾನು ಬಾಯಿ ತೆರೆದೆ. ಅಮ್ಮ ಒಳಲೆಯಿಂದ ಒಂಚೂರು ನೀರು ಬಿಟ್ಟಳು. ಎರಡನೆಯ ಗುಟುಕಿಗೇ ನೆತ್ತಿಗೆ ಹತ್ತಿತು. ಕೆಮ್ಮುತ್ತ ಎದ್ದು ಕೂತೆ, ಕಣ್ಣು ಮೂಗಲ್ಲೆಲ್ಲ ನೀರು. ಪಕ್ಕದ ಮಂಚದ ತಾಯಂದಿರು ಸೆರಗು ಅಡ್ಡ ಹಿಡಿದು ನಕ್ಕರು.

"ಅಂಗುಳು ಗಟ್ಟಿ ಇರೋರಿಗೇ ಹಿಂಗೆ" ಎಂದರು ಸಿಸ್ಟರ್. "ಈಗ ಕೂರಿಸಿ ಕುಡಿಸಿ. ಗಂಟಲಿಗೆ ಬೇಡ, ಕೆನ್ನೆ ಒಳಗೆ ಬಿಡಿ. ನುಂಗಿದ್ದು ಕಂಡ್ಮೇಲೆ ಇನ್ನೊಂದು ಗುಟುಕು."

ಕೂತು ಕುಡಿದೆ. ಏನೂ ಆಗಲಿಲ್ಲ.

ಅಮ್ಮ ಒಳಲೆಯನ್ನೇ ನೋಡುತ್ತ ನಿಂತಿದ್ದಳು. "ಹಂಗಾರೆ ನಾನು ಮಲಗಿಸಿದ್ದೇ ತಪ್ಪಾ?"

"ಎಲ್ಲ ಅಜ್ಜಿಯರೂ ಹಂಗೇ ಕುಡಿಸೋದಮ್ಮ. ಈ ಮಗುಗೆ ಅದು ಆಗಲ್ಲ ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಇಷ್ಟು ಸಣ್ಣ ಧಾರೆ ಬಿಡೋ ಕೈ ನಮ್ಮ ಹೊಸ ನರ್ಸ್‌ಗಳಿಗೂ ಇಲ್ಲ. ನಂಗೆ ಈ ಕೈ ಬೇಕು."

ನಾನು ಕಿಟಕಿಯ ಕಡೆ ತಿರುಗಿದೆ. ಮಗನಾಗಿ ನಾನು ಹೇಳಬೇಕಾಗಿದ್ದ ಮಾತು ಅದು. ಇಷ್ಟು ದಿನ ಹೇಳಿರಲಿಲ್ಲ ಎಂದು ನಾಚಿಕೆಯಾಯಿತು.

ಅಮ್ಮ ಮಗುವನ್ನು ಮತ್ತೆ ತೊಡೆಯ ಮೇಲೆ ಕೂರಿಸಿಕೊಂಡದ್ದು ಅದರ ಮರುದಿನ. ಸಿಸ್ಟರ್ ಅವಳ ಮೊಣಕೈ ಕೆಳಗೆ ಅಂಗೈ ಕೊಟ್ಟು ನಿಂತರು, ಒಳಲೆ ಮುಟ್ಟಲಿಲ್ಲ. ನಡುವೆ ಮಗು ಕೆಮ್ಮಿತು. ಅಮ್ಮ ಬೆವರಿ, "ತಗೊಳ್ಳಿ ಸಿಸ್ಟ್ರೇ, ತಗೊಳ್ಳಿ" ಎಂದು ಕೂಗಿದಳು.

ಸಿಸ್ಟರ್ ತೆಗೆದುಕೊಳ್ಳಲಿಲ್ಲ. "ಕೆಮ್ಮಿದ್ರೆ ಒಳ್ಳೇದೇ, ದಾರಿ ಸರಿ ಮಾಡ್ಕೊಳ್ತಾಳೆ. ತುಟಿ ನೋಡಿ. ಎಂತ ಬಣ್ಣ?"

"ಕೆಂಪು."

"ಮತ್ತೆ? ಸ್ವಲ್ಪ ತಡೆದು ಕೊಡಿ."

ಅವತ್ತು ಕುಡಿಸಿ ಮುಗಿಸಲು ಒಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸಿಸ್ಟರ್ ನಿಂತೇ ಇದ್ದರು. ಸಹನೆ ಎಂಬ ಮಾತನ್ನು ನಾನೂ ಬಹಳ ಸಲ ಆಡಿದ್ದೇನೆ, ಸೀಟಿಗಾಗಿ ಜಗಳಾಡುವವರಿಗೆ ಬುದ್ಧಿ ಹೇಳುವಾಗ. ಅದು ಹೇಗಿರುತ್ತದೆ ಎಂದು ಕಂಡದ್ದು ಅವತ್ತು.

ಮನೆಗೆ ಬಂದ ಮೇಲೆ ಸುಮಿತ್ರ ಮತ್ತು ಅಮ್ಮ ಪಾಳಿ ಹಂಚಿಕೊಂಡರು. ತೂಕ ನೋಡಿಸಲು ನನ್ನ ಬಸ್ಸಿನಲ್ಲೇ ಸಾಗರಕ್ಕೆ. ದಿನಾ ಬರುವ ಪ್ರಯಾಣಿಕರು ಟಿಕೆಟ್ಟಿಗಿಂತ ಮೊದಲು ತೂಕ ಕೇಳುತ್ತಿದ್ದರು. ಒಮ್ಮೆ ಒಬ್ಬಾಕೆ, ಬಸುರಿಯಾಗಿದ್ದಾಗ ಗ್ರಹಣದ ದಿನ ಏನು ಕೊಯ್ದಿದ್ದೆ ಎಂದು ಸುಮಿತ್ರಳನ್ನು ಕೇಳಿದಳು. ಅಮ್ಮ ಹಿಂದೆ ತಿರುಗಿ, "ಅವಳೇನೂ ಕೊಯ್ದಿಲ್ಲ. ನಿನ್ನ ನಾಲಿಗೆ ಕೊಯ್ಯೋದು ಬಾಕಿ ಇದೆ" ಎಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಮಳೆಗಾಲದಲ್ಲಿ ಶೀತವಾಗಿ ತೂಕ ಇಳಿದಾಗ ಯಾರೂ ನಗಲಿಲ್ಲ. ಸಿಸ್ಟರ್ ದಿನಾ ಫೋನಿನಲ್ಲಿ ಎಷ್ಟು ಕುಡಿದಳು, ಎಷ್ಟು ಸಲ ಉಚ್ಚೆ ಹೊಯ್ದಳು ಎಂದು ಕೇಳುವರು. ಅದು ಅವರ ಡ್ಯೂಟಿಯಲ್ಲ. ಒಂದು ತಿಂಗಳು ಹಿಡಿಯಿತು, ಕಳೆದದ್ದನ್ನು ಮತ್ತೆ ಗಳಿಸಲು.

ಹನ್ನೊಂದು ತಿಂಗಳಾದಾಗ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಹೊಲಿಗೆ ಹಿಡಿದಿದೆ. ಮಾತು ಹೇಗೆ ಬರುತ್ತದೆ, ಕಿವಿ ಹೇಗಿದೆ ಎಂದು ಇನ್ನೂ ನೋಡಬೇಕಂತೆ. ನೋಡೋಣ. ಈಗಂತೂ ನಮ್ಮ ಮಗಳು ಮಾನ್ಯ ಗಂಜಿ ಕುಡಿಯುತ್ತಾಳೆ, ಮೂಗಿನಿಂದ ಬರುವುದಿಲ್ಲ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಇಲ್ಲ.

ಹೋದ ವಾರ ಮಗುವನ್ನು ತೋರಿಸಲು ಗಿರಿಜಾ ಸಿಸ್ಟರ್ ಬಳಿ ಹೋಗಿದ್ದೆವು. ವಾರ್ಡಿನ ಹೊರಗೆ ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ಬಳು ಗೋಡೆಗೆ ಮುಖ ಮಾಡಿ ಕೂತಿದ್ದಳು. ಒಳಗೆ ಅವಳ ಮೊಮ್ಮಗನಿಗೆ ಆಕ್ಸಿಜನ್ ಹಾಕಿದ್ದರು. ಅದೇ ಸೀಳು, ಅದೇ ಕಥೆ.

"ಅಮ್ಮ, ನೀವು ಒಂಚೂರು ಮಾತಾಡ್ತೀರಾ? ನಾನು ಹೇಳಿದ್ರೆ ಅವರಿಗೆ ಬೈದ ಹಾಗೆ ಕೇಳ್ತದೆ" ಎಂದರು ಸಿಸ್ಟರ್.

ಅಮ್ಮ ಹೋಗಿ ಆಕೆಯ ಪಕ್ಕ ಕೂತಳು. ಇನ್ನು ಉಪದೇಶ ಶುರುವಾಯಿತು ಎಂದುಕೊಂಡೆ.

"ನಾನೂ ಮಲಗಿಸಿ ಕುಡಿಸಿದ್ದೆ" ಎಂದಳು. "ನನ್ನ ಕಾಲ ಮೇಲೇ ನೀಲಿ ಆಗಿತ್ತು ಮಗು."

ಆ ದಿನದ ಮಾತನ್ನು ಅವಳು ಮನೆಯಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ಆ ಅಜ್ಜಿ ತಿರುಗಿ, ಅಮ್ಮನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅಮ್ಮ ಆಕೆಯನ್ನು ಅಳಲು ಬಿಟ್ಟಳು. ಆಮೇಲೆ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅತ್ತಿದ್ದು ಸಾಕು. ಕೈ ತೊಳ್ಕೊಂಡು ಬಾ, ಒಳಗೆ ಹೋಗಣ."