ಪರಮಶಿವಪ್ಪನವರು ಕೊರೆದ ಕಾಲುವೆ

ಶಿಕಾರಿಪುರದ ಬಸ್ ನಿಲ್ದಾಣದ ಹಿಂದೆ ಸೀಲು ಮಾಡುತ್ತಿದ್ದ ಪರಮಶಿವಪ್ಪನವರಿಗೆ ನಾನು ಕೊಟ್ಟಷ್ಟು ಕಾಟವನ್ನು ಬೇರೆ ಯಾವ ಗಿರಾಕಿಯೂ ಕೊಟ್ಟಿರಲಿಕ್ಕಿಲ್ಲ. ಸೊಸೈಟಿ, ಪಂಚಾಯಿತಿ, ಅಕ್ಕಿ ಗಿರಣಿ ಎಲ್ಲರ ಸೀಲೂ ಅವರ ಕೈಯದೇ. ಹಿತ್ತಾಳೆಯಲ್ಲಿ ಅವರು ಕೊರೆಯುವ ಗೆರೆ ಕೂದಲಿಗಿಂತ ಸಣ್ಣ. ಸೊರಬದ ನಾನು ಅವರನ್ನು ಹುಡುಕಿಕೊಂಡು ಹೋದದ್ದು ಆ ಗೆರೆಗಾಗಿ.

ಅದು ೧೯೯೮. ಕ್ಯಾನ್ಸರ್ ಜೀವಕೋಶಗಳು ಗಡ್ಡೆ ಬಿಟ್ಟು ಹೇಗೆ ನುಸುಳಿ ಹೊರಡುತ್ತವೆಂದು ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಅದಕ್ಕೆ ಪಾರದರ್ಶಕ ಸಿಲಿಕೋನ್ ರಬ್ಬರಿನ ತುಂಡಿನಲ್ಲಿ ಎರಡು ಪುಟ್ಟ ಗುಂಡಿ, ನಡುವೆ ಕೋಶವೊಂದು ಮೈ ಹಿಂಡಿಕೊಂಡು ಹೋಗುವಷ್ಟೇ ಸಣ್ಣ ಕಾಲುವೆ ಬೇಕಿತ್ತು. ಅಂಥದ್ದನ್ನು ಮಾಡುವ ಯಂತ್ರ ನಮ್ಮಲ್ಲಿರಲಿಲ್ಲ. ಪರಮಶಿವಪ್ಪನವರು ಹಿತ್ತಾಳೆಯಲ್ಲಿ ಕೊರೆದು, ಅದರಿಂದ ಅಚ್ಚು ತೆಗೆದು, ಅಚ್ಚಿನ ಮೇಲೆ ರಬ್ಬರು ಸುರಿದು ಕೊಟ್ಟರು. ಹನ್ನೊಂದು ಸಲ ಕೊಟ್ಟರು. ಹನ್ನೊಂದು ಸಲವೂ ಕೋಶಗಳು ಕಾಲುವೆಯ ಬಾಯಲ್ಲೇ ಸತ್ತವು. ದೀಪಾವಳಿಯೊಳಗೆ ಒಂದಾದರೂ ದಾಟದಿದ್ದರೆ ವಿಷಯ ಬದಲಿಸು ಎಂದರು ನನ್ನ ಗೈಡ್. ಮೂರು ವರ್ಷದ ಕೆಲಸ ಮಣ್ಣುಪಾಲಾಗುವುದರಲ್ಲಿತ್ತು.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಬಸ್ಸಿಳಿದವಳೇ ಅವರ ಅಂಗಡಿ ಮುಂದೆ ನಿಂತು ಕೂಗಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಕೂತ್ಕೊಳ್ರಿ ತಂಗಿ. ಇನ್ನೊಂದು ಮಾಡ್ತೀನಿ, ನೀವೇ ನೋಡ್ರಿ" ಎಂದರು. ನೋಡುತ್ತಿದ್ದಂತೆ ಅವರ ಕೈ ಒಂದು ಡಬ್ಬಿಗೆ ಹೋಯಿತು. ಮುಖಕ್ಕೆ ಹಚ್ಚುವ ಪೌಡರು! ಅದನ್ನು ಅಚ್ಚಿನ ಮೇಲೆ ಉದುರಿಸಿದರು.

"ಅಯ್ಯೋ, ಇದೆಂತಕ್ಕೆ?"

"ರಬ್ಬರು ಅಂಟಬಾರ್ದಲ್ರೀ. ನಿಮ್ದು ನಾಜೂಕು ಕೆಲ್ಸ ಅಂತ ಎರಡು ಸಲ ಹಾಕ್ತೀನಿ."

ನನ್ನ ಕೋಶಗಳು ಸತ್ತದ್ದು ಆ ಪೌಡರಿನಲ್ಲಿ ಸಿಕ್ಕಿಕೊಂಡು. ಇಷ್ಟೆಲ್ಲ ಓದಿದ ನಾನು ಒಮ್ಮೆಯೂ ಅವರ ಪಕ್ಕ ಕೂತು ಕೆಲಸ ನೋಡಿರಲಿಲ್ಲ, ತಪ್ಪು ನನ್ನದೇ. ಆದರೆ ವಿಷಯ ತಿಳಿಸಿದಾಗ ಗಲ್ಲ ಬಡಿದುಕೊಂಡವರು ಅವರು. ಅಂದು ಉಳಿದ ಸೀಲುಗಳನ್ನೆಲ್ಲ ಬದಿಗಿಟ್ಟು, ಅಚ್ಚು ತೊಳೆದು, ಪೌಡರಿಲ್ಲದೆ ರಬ್ಬರು ಸುರಿದರು. ಒಲೆಯ ಕಾವಿಗೆ ಅದು ಗಟ್ಟಿಯಾದ ಮೇಲೆ ನೀರಿನಲ್ಲಿ ಮುಳುಗಿಸಿ, ಉಗುರಿನಿಂದ ಚೂರುಚೂರೇ ಬಿಡಿಸಿದರು. ಆ ಕೈಗಳ ಋಣವನ್ನು ನಾನು ತೀರಿಸಲಾರೆ.

ದೀಪಾವಳಿಗೆ ನಾಲ್ಕು ದಿನವಿರುವಾಗ ಒಂದು ಕೋಶ ಕಾಲುವೆ ದಾಟಿತು. ಅದರ ಫೋಟೋ ಹಿಡಿದು ಶಿಕಾರಿಪುರಕ್ಕೆ ಓಡಿದೆ. ಕ್ಯಾನ್ಸರ್ ಕೋಶ ನುಸುಳುವುದು ಹೀಗೆ ಎಂದು ತೋರಿಸಿದಾಗ ಪರಮಶಿವಪ್ಪನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಮ್ಮನೆಯಾಕಿ ವೀರಮ್ಮಗೆ ಎದೆಯಾಗಿದ್ದದ್ದು ಬೆನ್ನಿಗೆ ಹೋಗೈತೆ ಅಂದಿದ್ರು ಡಾಕ್ಟ್ರು. ಹಿಂಗೇ ಹೋಗಿತ್ತೇನ್ರಿ?"

"ಹೌದು, ಹೀಗೇ."

"ಆಕಿ ಹೋಗಿ ಹನ್ನೆರಡು ವರ್ಷ ಆತು. ಹೆಂಗೆ ಹೋತು ಅಂತ ನಂಗೆ ಯಾರೂ ತೋರ್ಸಿರ್ಲಿಲ್ಲ ತಂಗಿ."

ಧನ್ಯವಾದ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳು ನಾನು. ಕೈ ಮುಗಿದವರು ಅವರು.